ಬೀಗದ ಒಳಗಿಂದ ಕಾನೂನಿನವರೆಗೆ: ಎಲಿಜಬೆತ್ ಪ್ಯಾಕರ್ಡ್ ಜೀವನ



ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಒಬ್ಬರ ಜೀವನ ಬರೆದು ಕೊಡು ಅಂತ ಸಂಘದವರು ನನಗೆ ಹೇಳಿದರು. ಇವಳು ಬಾಬಾಸಾಹೇಬರ ಬಗ್ಗೆ ಬರೀತಾಳೆ, ಇಲ್ಲಾಂದ್ರೆ ಸಾವಿತ್ರಿಬಾಯಿ ಫುಲೆ ಬಗ್ಗೆ, ಪೆರಿಯಾರ್ ಬಗ್ಗೆ ಬರೀತಾಳೆ ಅಂತ ನೀವು ಅಂದುಕೊಂಡಿರಬಹುದು. ಅವರ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಬರೆದಿರ್ತಾರೆ. ನಾನು ಆರಿಸಿಕೊಂಡಿದ್ದು ನಮ್ಮ ಬೀದಿಯಲ್ಲಿ ಯಾರೂ ಹೆಸರು ಕೇಳದ ಒಬ್ಬ ಅಮೆರಿಕದ ಹೆಂಗಸನ್ನ. ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನೆಂಟರ ಊರಿಗೆ ಹೋಗಿದ್ದೆ. ಅಲ್ಲಿ ಒಂದು ಮನೆಯ ಹಿಂದಿನ ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು. ಕಿಟಕಿಯಲ್ಲಿ ಒಬ್ಬ ಅಕ್ಕ ನಿಂತಿದ್ದರು. ಕಾಲಲ್ಲಿ ಸರಪಳಿ. ನಾವು ಮಕ್ಕಳೆಲ್ಲಾ ಹುಚ್ಚಿ ಹುಚ್ಚಿ ಅಂತ ಕೂಗಿ ಓಡಿದ್ವಿ. ನಾನೂ ಕೂಗಿದೆ. ಆ ಅಕ್ಕನಿಗೆ ಏನಾಗಿತ್ತು, ಡಾಕ್ಟರ್ ನೋಡಿದ್ರಾ, ಎಷ್ಟು ವರ್ಷದಿಂದ ಒಳಗಿದ್ರು, ಇದ್ಯಾವುದನ್ನೂ ದೊಡ್ಡವರು ಯಾರೂ ಕೇಳಲಿಲ್ಲ. ಮನೆಯವರು ಹುಚ್ಚಿ ಅಂದ್ರು, ಊರು ಹೂಂ ಅಂತು. ಕಾಲೇಜಿಗೆ ಬಂದ ಮೇಲೆ ಎಲಿಜಬೆತ್ ಪ್ಯಾಕರ್ಡ್ ಬಗ್ಗೆ ಓದಿದಾಗ ಮೊದಲು ಕಣ್ಣ ಮುಂದೆ ಬಂದಿದ್ದು ಆ ಕಿಟಕಿ.

ಈಗ ಇವರ ಕಥೆ. ನಮ್ಮ ಕಡೆ ರೂಢಿಯಂತೆ ಎಲಿಜಬೆತಮ್ಮ ಅಂತಲೇ ಕರೀತೀನಿ, ತಪ್ಪು ತಿಳಿಯಬೇಡಿ.

ಎಲಿಜಬೆತಮ್ಮ ಹುಟ್ಟಿದ್ದು 1816ನೇ ಇಸವಿ ಡಿಸೆಂಬರ್ 28ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೇರ್ ಅನ್ನೋ ಊರಲ್ಲಿ. ತಂದೆ ಚರ್ಚಿನ ಪಾದ್ರಿ. ಹೆಣ್ಣುಮಕ್ಕಳನ್ನ ಓದಿಸೋದು ಅಲ್ಲೂ ಅಪರೂಪವಾಗಿದ್ದ ಕಾಲ ಅದು. ಆದರೆ ಈ ತಂದೆ ಮಗಳನ್ನ ಚೆನ್ನಾಗಿ ಓದಿಸಿದ. ಮಗಳು ಟೀಚರ್ ಆದರು. 19ನೇ ವಯಸ್ಸಿನಲ್ಲಿ ಅವರಿಗೆ ಜೋರು ಜ್ವರ ಬಂತು. ತಲೆಗೇರಿದ ಜ್ವರ ಅಂತಾರಲ್ಲ, ಹಾಗೆ. ತಂದೆ ಗಾಬರಿಯಾಗಿ ವೂಸ್ಟರ್ ಊರಿನ ಸರ್ಕಾರಿ ಹುಚ್ಚಾಸ್ಪತ್ರೆಗೆ ಸೇರಿಸಿದ. ಸುಮಾರು ಆರು ವಾರ ಅಲ್ಲಿದ್ದು ಗುಣವಾಗಿ ಮನೆಗೆ ಬಂದರು. ಆಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಆ ವಿಷಯವನ್ನ ಯಾರೂ ಎತ್ತಲಿಲ್ಲ. ಈ ಆರು ವಾರವನ್ನ ಮಾತ್ರ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

1839ರಲ್ಲಿ ಮದುವೆ. ಗಂಡ ಥಿಯೋಫಿಲಸ್ ಪ್ಯಾಕರ್ಡ್, ಅವನೂ ಪಾದ್ರಿ. ಹೆಂಡತಿಗಿಂತ 14 ವರ್ಷ ದೊಡ್ಡವನು. ಆರು ಜನ ಮಕ್ಕಳಾದರು, ಐದು ಗಂಡು ಒಂದು ಹೆಣ್ಣು. ಕೊನೆಗೆ ಸಂಸಾರ ಇಲಿನಾಯ್ ರಾಜ್ಯದ ಮಂಟೀನೋ ಅನ್ನೋ ಹಳ್ಳಿಗೆ ಬಂದು ನೆಲೆಸಿತು. 20 ವರ್ಷ ಎಲಿಜಬೆತಮ್ಮ ಅಡುಗೆ, ಹೊಲಿಗೆ, ತೋಟ, ಮಕ್ಕಳು, ಚರ್ಚು ಅಂತ ದುಡಿದರು. ಅದರಲ್ಲಿ ಬರೆಯೋಕೆ ಹೆಚ್ಚೇನಿಲ್ಲ, ನಮ್ಮ ಅವ್ವಂದಿರ ದಿನಚರಿ ಇದ್ದ ಹಾಗೇನೇ.

ಗಲಾಟೆ ಶುರುವಾಗಿದ್ದು ಬೈಬಲ್ ಪಾಠದಲ್ಲಿ. ಗಂಡನ ಚರ್ಚಿನಲ್ಲಿ ಹುಟ್ಟುವ ಪ್ರತಿ ಮಗುವೂ ಪಾಪ ಹೊತ್ತುಕೊಂಡೇ ಹುಟ್ಟುತ್ತೆ ಅಂತ ಕಲಿಸ್ತಿದ್ರು. ಎಲಿಜಬೆತಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಹುಟ್ಟಿನಿಂದಲೇ ಒಬ್ಬರು ಕೀಳು ಹೇಗಾಗ್ತಾರೆ ಅನ್ನೋದು ಅವರ ಪ್ರಶ್ನೆ. (ಓದುಗರೇ, ಇಲ್ಲಿ ನನಗೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು ಅನ್ನಿಸ್ತು. ಈ ಪ್ರಶ್ನೆ ನಮ್ಮದಲ್ವಾ?) ಅವರು ಇದನ್ನ ಮನೆಯೊಳಗೆ ಗೊಣಗಲಿಲ್ಲ. ಪಾಠಕ್ಕೆ ಬಂದ ಹತ್ತಾರು ಜನರ ಮುಂದೆ ಎದ್ದು ನಿಂತು ಮಾತಾಡಿದರು. ಕಪ್ಪು ಜನರನ್ನ ಗುಲಾಮರಾಗಿ ಇಟ್ಟುಕೊಳ್ಳೋದು ತಪ್ಪು ಅನ್ನೋದರಲ್ಲೂ, ಮಕ್ಕಳನ್ನ ಬೆಳೆಸೋದರಲ್ಲೂ, ದುಡ್ಡಿನ ವಿಷಯದಲ್ಲೂ ಗಂಡ ಹೆಂಡತಿಗೆ ಅಭಿಪ್ರಾಯ ಬೇರೆ ಬೇರೆ. ಪಾದ್ರಿಗೆ ಇದು ಮಾನದ ಪ್ರಶ್ನೆ ಆಯ್ತು. ಸ್ವಂತ ಹೆಂಡತಿಯನ್ನೇ ಹದ್ದುಬಸ್ತಿನಲ್ಲಿ ಇಡದವನು ಚರ್ಚನ್ನ ಏನು ನಡೆಸ್ತಾನೆ ಅಂತ ಜನ ಆಡಿಕೊಳ್ಳೋದಿಲ್ವಾ?

ಅವನು ಕೈ ಎತ್ತಲಿಲ್ಲ, ಬೈಯಲಿಲ್ಲ. ಕಾನೂನನ್ನ ಹಿಡಿದುಕೊಂಡ.

ಆ ಕಾನೂನು ಏನು ಅಂತ ಹೇಳ್ತೀನಿ. 1851ರ ಇಲಿನಾಯ್ ಕಾನೂನಿನ ಪ್ರಕಾರ ಯಾರನ್ನೇ ಅವರ ಇಷ್ಟಕ್ಕೆ ವಿರುದ್ಧವಾಗಿ ಹುಚ್ಚಾಸ್ಪತ್ರೆಗೆ ಹಾಕಬೇಕಾದ್ರೆ ಮೊದಲು ಬಹಿರಂಗ ವಿಚಾರಣೆ ಆಗಬೇಕಿತ್ತು. ಒಳ್ಳೇ ಕಾನೂನೇ. ಆದರೆ ಅದರಲ್ಲೇ ಒಂದು ಕಿಂಡಿ ಬಿಟ್ಟಿದ್ರು. ಮದುವೆಯಾದ ಹೆಂಗಸಿಗೆ ವಿಚಾರಣೆ ಬೇಕಿಲ್ಲ. ಗಂಡ ಕೇಳಿಕೊಂಡರೆ, ಆಸ್ಪತ್ರೆಯ ಮೇಲಧಿಕಾರಿ ಒಪ್ಪಿದರೆ, ಅಲ್ಲಿಗೆ ಮುಗೀತು. ಆ ಕಾಲದ ಅಲ್ಲಿಯ ನ್ಯಾಯದಲ್ಲಿ ಮದುವೆಯಾದ ಮೇಲೆ ಹೆಂಗಸು ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯೇ ಅಲ್ಲ, ಗಂಡನೊಳಗೆ ಸೇರಿಹೋದವಳು. ಆಸ್ತಿ ಅವನದು, ದುಡಿದ ಕೂಲಿ ಅವನದು, ಹೆತ್ತ ಮಕ್ಕಳೂ ಅವನವು.

ಮಂಟೀನೋದ ಮನೆಗೆ ಒಂದು ದಿನ ಹೊಲಿಗೆ ಮೆಷಿನ್ ಮಾರುವವನು ಬಂದ. ಮಾತಿಗೆ ಮಾತು ಬೆಳೀತು. ಎಲಿಜಬೆತಮ್ಮ ಮನೆಯ ಕಷ್ಟ ಸುಖ ಹೇಳಿಕೊಂಡರು, ಗಂಡ ತನ್ನನ್ನ ಹುಚ್ಚಿ ಅಂತ ಹೇಳಿಕೊಂಡು ತಿರುಗ್ತಿದ್ದಾನೆ ಅಂತಲೂ ಹೇಳಿದರು. ಅವನು ಹೊಲಿಗೆ ಮೆಷಿನ್ ಮಾರುವವನಲ್ಲ, ಗಂಡ ಕಳಿಸಿದ್ದ ಡಾಕ್ಟರ್. ಅವರು ನಂಬಿಕೆಯಿಂದ ಹೇಳಿಕೊಂಡ ಮಾತೇ ರೋಗದ ಸಾಕ್ಷಿ ಆಗಿಹೋಯ್ತು. ಹಳೆಯ ಆರು ವಾರದ ಆಸ್ಪತ್ರೆ ವಾಸವೂ ಗಂಡನ ಕೈಯಲ್ಲಿ ಆಯುಧ ಆಯ್ತು. ಒಂದು ಸಲ ಹೋಗಿದ್ದವಳಲ್ವಾ ಅನ್ನೋ ಮಾತು ಸಾಕಲ್ಲ.

1860ರ ಜೂನ್ 18, ಬೆಳಿಗ್ಗೆ. ಎಲಿಜಬೆತಮ್ಮ ಸ್ನಾನಕ್ಕೆ ಹೊರಟಿದ್ದರು. ಗಂಡ, ಇಬ್ಬರು ಡಾಕ್ಟರು, ಷರೀಫ್ ಅಂದ್ರೆ ಆ ಕಡೆಯ ಪೊಲೀಸ್ ಅಧಿಕಾರಿ, ಎಲ್ಲರೂ ಮನೆಗೆ ಬಂದರು. ಅವರು ಕೋಣೆಯ ಬಾಗಿಲು ಹಾಕಿಕೊಂಡರು. ಗಂಡ ಕೊಡಲಿ ತಂದು ಕಿಟಕಿ ಒಡೆದು ಒಳಗೆ ಬಂದ. ಡಾಕ್ಟರು ನಾಡಿ ಹಿಡಿದು ನೋಡಿದ್ದೇ ಪರೀಕ್ಷೆ. ಎಲಿಜಬೆತಮ್ಮ ಹೊಡೆದಾಡಲಿಲ್ಲ, ಕಿರುಚಲಿಲ್ಲ. ಆದರೆ ಒಂದು ಹೆಜ್ಜೆಯನ್ನೂ ತಾವಾಗಿ ಇಡಲಿಲ್ಲ. ನಡೆದು ಹೋದರೆ ಇಷ್ಟಪಟ್ಟು ಹೋದಳು ಅಂತ ಆಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಅದಕ್ಕೆ ಇಬ್ಬರು ಗಂಡಸರು ಎತ್ತಿಕೊಂಡು ಹೋಗಿ ಗಾಡಿಗೆ, ಗಾಡಿಯಿಂದ ರೈಲಿಗೆ ಹಾಕಬೇಕಾಯ್ತು. ಸ್ಟೇಷನ್ನಿನಲ್ಲಿ ಊರಿಗೆ ಊರೇ ಸೇರಿತ್ತು. ಪಾಪ ಅಂದವರು ಬಹಳ ಜನ, ತಡೆದವರು ಒಬ್ಬರೂ ಇಲ್ಲ. ಕಾನೂನು ಗಂಡನ ಕಡೆ ಇತ್ತು. ಕೊನೆಯ ಮಗುವಿಗೆ ಆಗ ಒಂದೂವರೆ ವರ್ಷ.

ಜಾಕ್ಸನ್‌ವಿಲ್ ಹುಚ್ಚಾಸ್ಪತ್ರೆಯಲ್ಲಿ ಅವರು ಸರಿಯಾಗಿ ಮೂರು ವರ್ಷ ಇದ್ದರು. ಈ ಮೂರು ವರ್ಷದಲ್ಲಿ ಹೊರಗೆ ಏನೇನಾಯ್ತು ನೋಡಿ. ಹತ್ತಿರದ ಸ್ಪ್ರಿಂಗ್‌ಫೀಲ್ಡಿನ ವಕೀಲ ಅಬ್ರಹಾಂ ಲಿಂಕನ್ ದೇಶದ ಅಧ್ಯಕ್ಷರಾದರು. ಗುಲಾಮಗಿರಿ ವಿಷಯಕ್ಕೆ ಅಂತರ್ಯುದ್ಧ ಶುರುವಾಯ್ತು. 1863ರ ಜನವರಿ 1ರಂದು ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆ ಹೊರಡಿಸಿದರು. ಆ ದಿನವೂ ಎಲಿಜಬೆತಮ್ಮ ಬೀಗದ ಒಳಗೇ ಇದ್ದರು.

ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಆಂಡ್ರೂ ಮೆಕ್‌ಫಾರ್ಲಂಡ್, ಆ ಕಾಲಕ್ಕೆ ದೊಡ್ಡ ಹೆಸರು ಇದ್ದವನು. ಮೊದಲು ಎಲಿಜಬೆತಮ್ಮನಿಗೆ ಒಳ್ಳೆಯ ವಾರ್ಡು ಕೊಟ್ಟು ಮರ್ಯಾದೆಯಿಂದಲೇ ನೋಡಿಕೊಂಡ. ಅಲ್ಲಿದ್ದ ಹೆಂಗಸರ ಜೊತೆ ಮಾತಾಡ್ತಾ ಮಾತಾಡ್ತಾ ಅವರಿಗೆ ಗೊತ್ತಾಗಿದ್ದು, ತಮ್ಮ ಹಾಗೇ ಗಂಡನಿಗೆ ಬೇಡವಾಗಿ ಬಂದವರು ಇನ್ನೂ ಇದ್ದಾರೆ ಅಂತ. ನಿಜವಾಗಿ ಕಾಯಿಲೆ ಇದ್ದವರೂ ಇದ್ದರು, ಅವರನ್ನ ಆಳುಗಳು ಹೊಡೆಯೋದು, ನೀರಿನಲ್ಲಿ ಮುಳುಗಿಸೋದು ಇವರ ಕಣ್ಣಿಗೆ ಬಿತ್ತು. ಸುಮ್ಮನಿರೋ ಜಾಯಮಾನ ಅಲ್ಲವಲ್ಲ. ಡಾಕ್ಟರನ ತಪ್ಪುಗಳನ್ನೆಲ್ಲಾ ಉದ್ದಕ್ಕೆ ಬರೆದು ಅವನ ಕೈಗೇ ಕೊಟ್ಟರು. ಮರುಕ್ಷಣವೇ ಅನ್ನೋ ಹಾಗೆ ಅವರನ್ನ ಎಂಟನೇ ವಾರ್ಡಿಗೆ ಎತ್ತಿಹಾಕಿದರು. ಅದು ಕೈ ಮೀರಿದವರ ವಾರ್ಡು. ಮೈಮೇಲೆ ಮಲ ಮೂತ್ರ ಒಣಗಿಕೊಂಡು, ಸ್ನಾನ ಕಾಣದೆ ಬಿದ್ದಿದ್ದ ಹೆಂಗಸರು. ಯಾವಾಗ ಯಾರು ಮೇಲೆ ಬೀಳ್ತಾರೋ ಗೊತ್ತಿಲ್ಲ.

ಎಲಿಜಬೆತಮ್ಮ ಅಲ್ಲಿ ಮಾಡಿದ ಕೆಲಸ ನನಗೆ ಅವರ ಮೇಲೆ ಗೌರವ ಹುಟ್ಟಿಸಿತು. ಬೋಗುಣಿಯಲ್ಲಿ ನೀರು, ಸೋಪು ತಗೊಂಡು ಒಬ್ಬೊಬ್ಬರನ್ನೇ ತೊಳೆಯೋಕೆ ಶುರು ಮಾಡಿದರು. ಮೈ ತೊಳೆದರು, ತಲೆ ಬಾಚಿದರು, ಹಾಸಿಗೆ ಕೊಡವಿದರು, ನೆಲ ಉಜ್ಜಿದರು. ಪಾದ್ರಿಯ ಮಗಳು, ಪಾದ್ರಿಯ ಹೆಂಡತಿ, ಓದಿದ ಹೆಂಗಸು. ಇನ್ನೊಬ್ಬರ ಹೊಲಸು ತೆಗೆಯೋದು ಯಾರ ಕೆಲಸ ಅಂತ ನಮ್ಮ ದೇಶದಲ್ಲಿ ಹುಟ್ಟಿಗೇ ಬರೆದು ಇಟ್ಟಿದ್ದಾರೆ, ಅದನ್ನ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಈ ಭಾಗ ಓದುವಾಗ ನನಗೆ ಎರಡು ಥರ ಅನ್ನಿಸ್ತು. ಒಂದು, ಕೈ ಕೊಳೆ ಮಾಡಿಕೊಂಡರಲ್ಲ ಅಂತ ಸಂತೋಷ. ಇನ್ನೊಂದು, ಇದನ್ನೇ ದಿನವೂ ಮಾಡ್ತಿದ್ದ ಬಡ ಆಳುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲವಲ್ಲ ಅಂತ.

ರಾತ್ರಿ ಹೊತ್ತು ಬರೀತಿದ್ದರು. ಕಾಗದ ಕೊಡೋದಿಲ್ಲ, ಹೊರಗೆ ಕಾಗದ ಬರೆದರೆ ಆಸ್ಪತ್ರೆಯವರು ಒಡೆದು ಓದಿ ಇಟ್ಟುಕೊಳ್ತಾರೆ. ಸಿಕ್ಕ ಚೂರುಪಾರು ಕಾಗದದ ಮೇಲೆ ಎಲ್ಲವನ್ನೂ ಬರೆದು ಬಟ್ಟೆಯ ಮಡಿಕೆಯಲ್ಲಿ, ಕನ್ನಡಿಯ ಹಿಂದೆ ಬಚ್ಚಿಟ್ಟರು. ಮುಂದೆ ಇದೇ ಪುಸ್ತಕ ಆಯ್ತು. ಮಂಟೀನೋದ ಸ್ನೇಹಿತರು ವಕೀಲರನ್ನ ಕೇಳಿದರೂ ದಾರಿ ಸಿಗಲಿಲ್ಲ. ದೊಡ್ಡ ಮಗನಿಗೆ 21 ತುಂಬಿದಾಗ ಅಮ್ಮನನ್ನ ನಾನು ನೋಡಿಕೊಳ್ತೀನಿ ಅಂತ ಅವನು ಮುಂದೆ ಬಂದ. 1863ರ ಜೂನಿನಲ್ಲಿ ವಾಸಿಯಾಗದ ರೋಗಿ ಅಂತ ಬರೆದು ಹೊರಗೆ ಕಳಿಸಿದರು. ಬಿಡುಗಡೆ ಮಾಡುವಾಗಲೂ ಹುಚ್ಚಿ ಅನ್ನೋ ಹಣೆಪಟ್ಟಿ ತೆಗೆಯಲಿಲ್ಲ.

ಮಕ್ಕಳನ್ನ ನೋಡಬೇಕು ಅಂತ ಎಲಿಜಬೆತಮ್ಮ ಮತ್ತೆ ಮಂಟೀನೋಗೆ ಹೋದರು. ಗಂಡ ಏನು ಮಾಡಿದ ಗೊತ್ತಾ? ಮಕ್ಕಳ ಕೋಣೆಯಲ್ಲಿ ಕೂಡಿಹಾಕಿ ಕಿಟಕಿಗೆ ಮೊಳೆ ಹೊಡೆಸಿದ. ಚಳಿಗಾಲ. ಈ ಸಲ ಬೇರೆ ರಾಜ್ಯದ ಹುಚ್ಚಾಸ್ಪತ್ರೆಗೆ ಜೀವನಪೂರ್ತಿ ಸೇರಿಸೋ ಏರ್ಪಾಡು ನಡೀತಿತ್ತು. ಅದರ ಕಾಗದ ಎಲಿಜಬೆತಮ್ಮನ ಕಣ್ಣಿಗೆ ಬಿತ್ತು. ಒಂದು ಚೀಟಿ ಬರೆದು ಕಿಟಕಿಯ ಸಂದಿಯಿಂದ ಹೊರಗೆ ತೂರಿಸಿದರು. ಅದು ಗೆಳತಿ ಸಾರಾ ಹ್ಯಾಸ್ಲೆಟ್ ಕೈ ಸೇರಿತು. ಸಾರಾ ಸುಮ್ಮನೆ ಕೂರದೆ ಕಾಂಕಕೀ ಊರಿನ ಜಡ್ಜ್ ಚಾರ್ಲ್ಸ್ ಸ್ಟಾರ್ ಹತ್ತಿರ ಹೋದರು.

ಇಲ್ಲಿ ಕಾನೂನಿನ ಒಂದು ತಿರುವು ಇದೆ, ನಿಧಾನವಾಗಿ ಓದಿ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಗಂಡ ಮಾಡಿದ್ದು ಕಾನೂನಿನ ಪ್ರಕಾರವೇ ಇತ್ತು, ಯಾವ ಕೋರ್ಟೂ ಕೈ ಹಾಕೋ ಹಾಗಿರಲಿಲ್ಲ. ಆದರೆ ಹೆಂಡತಿಯನ್ನ ಸ್ವಂತ ಮನೆಯಲ್ಲಿ ಮೊಳೆ ಹೊಡೆದು ಕೂಡಿಹಾಕೋಕೆ ಕಾನೂನು ಅನುಮತಿ ಕೊಟ್ಟಿರಲಿಲ್ಲ. ಅದಕ್ಕೇ ಜಡ್ಜು ಹೇಬಿಯಸ್ ಕಾರ್ಪಸ್ ಆಜ್ಞೆ ಹೊರಡಿಸಿದರು. ಹಿಡಿದಿಟ್ಟುಕೊಂಡ ಆ ವ್ಯಕ್ತಿಯನ್ನ ಕೋರ್ಟಿಗೆ ತಂದು ನಿಲ್ಲಿಸು, ಯಾಕೆ ಹಿಡಿದಿದ್ದೀಯ ಅಂತ ಹೇಳು ಅನ್ನೋ ಆಜ್ಞೆ ಅದು. ನಮ್ಮ ಸಂವಿಧಾನದ 32ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೆ, 226ರಲ್ಲಿ ಹೈಕೋರ್ಟಿಗೆ ಇದೇ ಅಧಿಕಾರ ಇದೆ. ಬಾಬಾಸಾಹೇಬರು ಇಡೀ ಸಂವಿಧಾನದಲ್ಲಿ 32ನೇ ವಿಧಿಯನ್ನ ಎಷ್ಟು ದೊಡ್ಡದು ಅಂತ ಎಣಿಸಿದ್ದರು ಅನ್ನೋದು ನಿಮಗೆಲ್ಲಾ ಗೊತ್ತು.

1864ರ ಜನವರಿ. ಗಂಡ ಕೋರ್ಟಿಗೆ ಬಂದು ಇವಳಿಗೆ ಹುಚ್ಚು, ಅದಕ್ಕೇ ಇಟ್ಟಿದ್ದೀನಿ ಅಂದ. ಹಾಗಾದರೆ ಅದನ್ನೇ ವಿಚಾರಣೆ ಮಾಡೋಣ ಅಂತ ಜಡ್ಜು 12 ಜನರ ಜ್ಯೂರಿ ಕೂರಿಸಿದರು. ಜ್ಯೂರಿ ಅಂದ್ರೆ ಊರಿನ ಸಾಮಾನ್ಯ ಜನರಿಂದ ಆರಿಸಿದ ಪಂಚರು. ಮೂರೂವರೆ ವರ್ಷದಲ್ಲಿ ಎಲಿಜಬೆತಮ್ಮನ ಮಾತು ಕೇಳೋಕೆ ಅಂತ ಜನ ಕೂತಿದ್ದು ಅದೇ ಮೊದಲು. ಐದು ದಿನ ನಡೀತು. ಗಂಡನ ಕಡೆಯ ಡಾಕ್ಟರುಗಳು ಹುಚ್ಚಿಗೆ ಕೊಟ್ಟ ಕಾರಣಗಳು ಬಹಳಷ್ಟು ಧರ್ಮದ್ದೇ. ಪಾದ್ರಿ ಹೇಳಿದ್ದನ್ನ ನಂಬೋದಿಲ್ಲ, ಚರ್ಚು ಬಿಡ್ತೀನಿ ಅಂತಾಳೆ, ಗಂಡನ ಮೇಲೆ ದ್ವೇಷ ಇದೆ, ಇಂಥವು. ಅವರಲ್ಲಿ ಒಬ್ಬ ಆ ಹೊಲಿಗೆ ಮೆಷಿನ್ ಡಾಕ್ಟರ್. ಎಲಿಜಬೆತಮ್ಮನ ವಕೀಲರು ಬೇರೇನೂ ಹೆಚ್ಚಿಗೆ ಮಾಡಲಿಲ್ಲ, ಅವರು ಬರೆದಿದ್ದ ಪ್ರಬಂಧವನ್ನ ಅವರ ಕೈಲೇ ಕೋರ್ಟಿನಲ್ಲಿ ಓದಿಸಿದರು. ಕೊನೆಗೆ ಡಾಕ್ಟರ್ ಡಂಕನ್‌ಸನ್ ಸಾಕ್ಷಿ ಹೇಳಿದರು. ಅವರು ವೈದ್ಯರೂ ಹೌದು, ಧರ್ಮಶಾಸ್ತ್ರ ಓದಿದವರೂ ಹೌದು. ಈ ಹೆಂಗಸಿನ ಎಷ್ಟೋ ವಿಚಾರ ನನಗೆ ಒಪ್ಪಿಗೆ ಇಲ್ಲ, ಹಾಗಂತ ಒಪ್ಪದವರನ್ನೆಲ್ಲಾ ಹುಚ್ಚರು ಅನ್ನೋಕೆ ಆಗೋದಿಲ್ಲ ಅನ್ನೋ ಅರ್ಥದಲ್ಲಿ ಅವರು ಮಾತಾಡಿದರು.

ಜ್ಯೂರಿ ಒಳಗೆ ಹೋಗಿ ಹೊರಗೆ ಬರೋಕೆ ತಗೊಂಡ ಸಮಯ ಏಳು ನಿಮಿಷ. ಎಲಿಜಬೆತ್ ಪ್ಯಾಕರ್ಡ್‌ಗೆ ಹುಚ್ಚಿಲ್ಲ ಅಂತ ತೀರ್ಪು. ಕೋರ್ಟಿನಲ್ಲಿ ತುಂಬಿದ್ದ ಹೆಂಗಸರು ಕರವಸ್ತ್ರ ಬೀಸಿ ಕೂಗಾಡಿದರಂತೆ. ಮೂರು ವರ್ಷದ ಜೈಲು, ಏಳು ನಿಮಿಷದ ತೀರ್ಪು. ನಮ್ಮಲ್ಲಿ ಎಷ್ಟು ಜನಕ್ಕೆ ಆ ಏಳು ನಿಮಿಷ ಸಿಕ್ಕಿದೆ ಹೇಳಿ?

ಗೆದ್ದು ಮನೆಗೆ ಹೋದರೆ ಮನೆಯಲ್ಲಿ ಬೇರೆಯವರಿದ್ದರು. ತೀರ್ಪು ಬರೋಕೆ ಮುಂಚೆಯೇ ಗಂಡ ಮನೆ ಬಾಡಿಗೆಗೆ ಕೊಟ್ಟು, ಸಾಮಾನು, ದುಡ್ಡು, ಎಲಿಜಬೆತಮ್ಮನ ಬಟ್ಟೆಬರೆ, ಚಿಕ್ಕ ಮಕ್ಕಳು, ಎಲ್ಲವನ್ನೂ ಕಟ್ಟಿಕೊಂಡು ಮ್ಯಾಸಚೂಸೆಟ್ಸಿಗೆ ಹೊರಟುಹೋಗಿದ್ದ. ಕೋರ್ಟಿಗೆ ಹೋಗೋಣ ಅಂದ್ರೆ ಆಗ ಎರಡೂ ರಾಜ್ಯದ ಕಾನೂನಿನಲ್ಲಿ ಮನೆಯೂ ಮಕ್ಕಳೂ ಅವನವೇ. ವಯಸ್ಸು 47. ಕೈಯಲ್ಲಿ ಇದ್ದಿದ್ದು ಆ ಚೂರುಪಾರು ಕಾಗದ ಮಾತ್ರ.

ಅದನ್ನೇ ಬಂಡವಾಳ ಮಾಡಿಕೊಂಡರು. ಪುಸ್ತಕ ಅಚ್ಚಾಗೋ ಮೊದಲೇ ಟಿಕೆಟ್ ಮಾರಿದರು. ಈಗ ದುಡ್ಡು ಕೊಡಿ, ಪುಸ್ತಕ ಬಂದ ಮೇಲೆ ಟಿಕೆಟ್ ತೋರಿಸಿ ತಗೊಳ್ಳಿ ಅನ್ನೋ ಲೆಕ್ಕ. ಮನೆ ಮನೆ ಬಾಗಿಲಿಗೆ, ಅಂಗಡಿಗೆ, ರೈಲು ಸ್ಟೇಷನ್ನಿಗೆ ಒಬ್ಬರೇ ಹೋದರು. ನಮ್ಮ ಸಂಘದವರು ಈ ಸಂಚಿಕೆಗೆ ರಸೀದಿ ಪುಸ್ತಕ ಹಿಡಿದು ಅಲೆದ ಹಾಗೇ ಅನ್ನಿ. 1868ರಲ್ಲಿ ಆಸ್ಪತ್ರೆಯ ಒಳಗಿನ ಕಥೆಯ ದೊಡ್ಡ ಪುಸ್ತಕ ಬಂತು. ಈ ವ್ಯಾಪಾರದಿಂದಲೇ ಅವರು ಬದುಕಿದರು, ಚಳವಳಿ ನಡೆಸಿದರು, ಯಾರ ಹಂಗಿನಲ್ಲೂ ಇರಲಿಲ್ಲ.

ಅವರ ನಿಜವಾದ ಕೆಲಸ ನಡೆದಿದ್ದು ಶಾಸನಸಭೆಗಳಲ್ಲಿ. ವೋಟು ಹಾಕೋ ಹಕ್ಕೇ ಇಲ್ಲದ ಹೆಂಗಸು ಶಾಸಕರನ್ನ ಒಬ್ಬೊಬ್ಬರನ್ನೇ ಭೇಟಿ ಮಾಡಿ, ಮಸೂದೆ ಕರಡು ಕೈಗಿಟ್ಟು, ಸಹಿ ಸಂಗ್ರಹಿಸಿ, ಬೆನ್ನು ಹತ್ತಿ ಕೆಲಸ ಮಾಡಿಸಿದರು. 1867ರಲ್ಲಿ ಇಲಿನಾಯ್ ಸರ್ಕಾರ ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆಯ ಕಾನೂನು ಮಾಡಿತು. ಹೆಂಡತಿ ಇರಲಿ, ಯಾರೇ ಇರಲಿ, ಜ್ಯೂರಿ ವಿಚಾರಣೆ ಇಲ್ಲದೆ ಹುಚ್ಚಾಸ್ಪತ್ರೆಗೆ ಹಾಕೋ ಹಾಗಿಲ್ಲ, ಹಾಕಿದರೆ ದಂಡ, ಜೈಲು. ಅದೇ ವರ್ಷ ಜಾಕ್ಸನ್‌ವಿಲ್ ಆಸ್ಪತ್ರೆಯ ತನಿಖೆಗೆ ಶಾಸನಸಭೆ ಒಂದು ಸಮಿತಿ ಹಾಕಿತು. ಒಳಗೆ ಹೊಡೆತ ಬಡಿತ ನಡೆದಿದ್ದು ನಿಜ, ಮುಖ್ಯಸ್ಥನನ್ನ ಬದಲಾಯಿಸಿ ಅಂತ ಸಮಿತಿ ವರದಿ ಕೊಟ್ಟಿತು. ಆಸ್ಪತ್ರೆಯ ಟ್ರಸ್ಟಿಗಳು ಒಪ್ಪದೆ ಅವನನ್ನ ಉಳಿಸಿಕೊಂಡರು, ಅದು ಎಲ್ಲಾ ಕಡೆ ನಡೆಯೋದೇ. 1872ರಲ್ಲಿ ಅಯೋವಾ ರಾಜ್ಯದಲ್ಲಿ ಇನ್ನೊಂದು ಕಾನೂನು ಬಂತು. ಒಳಗಿರುವ ರೋಗಿ ಹೊರಗಿನವರಿಗೆ ಕಾಗದ ಬರೆಯಬಹುದು, ಆಸ್ಪತ್ರೆಯವರು ತಡೆಯೋ ಹಾಗಿಲ್ಲ. ಕಿಟಕಿ ಸಂದಿಯಿಂದ ಚೀಟಿ ತೂರಿಸಿದವರಿಗೆ ಗೊತ್ತು ಒಂದು ಕಾಗದದ ಬೆಲೆ ಏನು ಅಂತ.

ಮಕ್ಕಳು 1869ರಲ್ಲಿ ಅವರ ಹತ್ತಿರ ಬಂದರು. ಒಂಬತ್ತು ವರ್ಷ ಆಗಿತ್ತು. ಮಡಿಲಲ್ಲಿ ಬಿಟ್ಟು ಹೋಗಿದ್ದ ಮಗು ಆಗ ಹತ್ತು ವರ್ಷದ ಹುಡುಗ.

ಎಲಿಜಬೆತಮ್ಮ ಮಾಡಿದ್ದೆಲ್ಲಾ ಸರಿ ಅಂತ ನಾನು ಹೇಳೋದಿಲ್ಲ. ಜ್ಯೂರಿ ಕಾನೂನಿಗೆ ಡಾಕ್ಟರುಗಳು ವಿರೋಧ ಮಾಡಿದರು. ಕಾಯಿಲೆ ಬಿದ್ದವರನ್ನ ಕಳ್ಳರ ಹಾಗೆ ಕೋರ್ಟಿನಲ್ಲಿ ನಿಲ್ಲಿಸಿ, ಅವರ ಮನೆಯ ಗುಟ್ಟನ್ನೆಲ್ಲಾ ಬೀದಿಗೆ ತರೋದು ಯಾವ ನ್ಯಾಯ ಅನ್ನೋದು ಅವರ ವಾದ. ಅದರಲ್ಲಿ ಸ್ವಲ್ಪ ನಿಜ ಇದೆ. 1875ರಲ್ಲಿ ತೀರಿಹೋದ ಅಧ್ಯಕ್ಷ ಲಿಂಕನ್ ಅವರ ಹೆಂಡತಿ ಮೇರಿ ಲಿಂಕನ್‌ರನ್ನ ಸ್ವಂತ ಮಗನೇ ಚಿಕಾಗೋ ಕೋರ್ಟಿಗೆ ಎಳೆದ. ಜ್ಯೂರಿ ಕೂತಿತು, ಕೆಲವೇ ಗಂಟೆಯಲ್ಲಿ ಹುಚ್ಚು ಅಂತ ತೀರ್ಪು ಕೊಟ್ಟಿತು, ಪತ್ರಿಕೆಗಳಲ್ಲೆಲ್ಲಾ ಬಂತು. ವಿಚಾರಣೆ ಅನ್ನೋದು ಇದ್ದ ಮಾತ್ರಕ್ಕೆ ನ್ಯಾಯ ಸಿಗೋದಿಲ್ಲ. ಆದರೆ ಮೇರಿಯವರು ಒಳಗಿಂದ ಕಾಗದ ಬರೆದು, ಕಾನೂನು ಓದಿದ ಮೈರಾ ಬ್ರ್ಯಾಡ್‌ವೆಲ್ ಅನ್ನೋ ಹೆಂಗಸಿನ ಸಹಾಯದಿಂದ ನಾಲ್ಕೇ ತಿಂಗಳಲ್ಲಿ ಹೊರಗೆ ಬಂದರು. ಇನ್ನೊಂದು ಮಾತು. ಎಲಿಜಬೆತಮ್ಮನಿಗೆ ಓದು ಇತ್ತು, ಗೆಳತಿಯರಿದ್ದರು, ವಕೀಲರು ಮುಂದೆ ಬಂದರು. ಅದೇ ಎಂಟನೇ ವಾರ್ಡಿನಲ್ಲಿ ಇವರು ಮೈ ತೊಳೆದ ಹೆಂಗಸರಿಗೆ ಅದ್ಯಾವುದೂ ಇರಲಿಲ್ಲ.

ಈಗ ನಮ್ಮ ಕಡೆಗೆ ಬರ್ತೀನಿ. ಬ್ರಿಟಿಷರು 1858ರಲ್ಲಿ ಹುಚ್ಚಾಸ್ಪತ್ರೆ ಕಾನೂನು, 1912ರಲ್ಲಿ ಲೂನಸಿ ಕಾನೂನು ತಂದರು. ಆ 1912ರದ್ದು ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ನಡೀತು. 1987ರಲ್ಲಿ ಹೊಸದು ಬಂತು. ಆದರೂ 2001ರ ಆಗಸ್ಟ್ 6ರಂದು ನಮ್ಮ ತಮಿಳುನಾಡಿನ ರಾಮನಾಥಪುರ ಜಿಲ್ಲೆ ಏರ್ವಾಡಿಯಲ್ಲಿ ಏನಾಯ್ತು ಅಂತ ದೊಡ್ಡವರಿಗೆ ನೆನಪಿರುತ್ತೆ. ದರ್ಗಾಕ್ಕೆ ವಾಸಿ ಮಾಡಿಸೋಕೆ ಅಂತ ಕರೆತಂದವರನ್ನ ಇಟ್ಟಿದ್ದ ಒಂದು ಖಾಸಗಿ ಮನೆಗೆ ಮುಂಜಾನೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. ಓಡೋಕೆ ಆಗದೆ 28 ಜನ ಸುಟ್ಟು ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಕೇಸು ಕೈಗೆ ತಗೊಂಡಿತು. ಅದಕ್ಕೂ ಮೊದಲು 1993ರಲ್ಲಿ, ಶೀಲಾ ಬರ್ಸೆ ಅನ್ನೋ ಪತ್ರಕರ್ತೆ ಹಾಕಿದ ಕೇಸಿನಲ್ಲಿ, ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನ ಜೈಲಿನಲ್ಲಿ ಇಡೋದು ಕಾನೂನುಬಾಹಿರ ಅಂತ ಅದೇ ಕೋರ್ಟು ಹೇಳಿತ್ತು.

ಈಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರಿಂದ ಜಾರಿಯಲ್ಲಿದೆ. ಅದರ 3ನೇ ಸೆಕ್ಷನ್ ಓದಿದರೆ ಎಲಿಜಬೆತಮ್ಮನ ಕೇಸನ್ನೇ ಮುಂದೆ ಇಟ್ಟುಕೊಂಡು ಬರೆದರೇನೋ ಅನ್ನಿಸುತ್ತೆ. ಒಬ್ಬರ ಸಾಮಾಜಿಕ ಸ್ಥಾನ ನೋಡಿ, ಅಥವಾ ಸಮಾಜದ ನೀತಿ, ಧರ್ಮದ ನಂಬಿಕೆ ಒಪ್ಪಲಿಲ್ಲ ಅಂತ ಅವರಿಗೆ ಮಾನಸಿಕ ಕಾಯಿಲೆ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಹಿಂದೆ ಆಸ್ಪತ್ರೆಯಲ್ಲಿ ಇದ್ದರು ಅನ್ನೋದೊಂದೇ ಈಗಲೂ ಕಾಯಿಲೆ ಇದೆ ಅನ್ನೋಕೆ ಸಾಕ್ಷಿಯಲ್ಲ. ಆ ಆರು ವಾರ ನೆನಪಿದೆಯಲ್ಲ? 21ನೇ ಸೆಕ್ಷನ್ನಿನಲ್ಲಿ ಜಾತಿ ನೋಡಿ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂತ ಬರೆದಿದೆ. 95ರಲ್ಲಿ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅಂತ ಇದೆ. ರೋಗಿ ತಾನಾಗಿ ಒಪ್ಪದೆ ದಾಖಲು ಮಾಡಬೇಕಾಗಿ ಬಂದರೆ 89ನೇ ಸೆಕ್ಷನ್ ಪ್ರಕಾರ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಮೊದಲ ಸಲಕ್ಕೆ 30 ದಿನಕ್ಕಿಂತ ಹೆಚ್ಚು ಇಡೋ ಹಾಗಿಲ್ಲ. ಹೆಂಗಸರೋ ಮಕ್ಕಳೋ ಆದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಮಂಡಳಿಗೆ ರೋಗಿಯೇ ಅರ್ಜಿ ಹಾಕಬಹುದು, ವಕೀಲರನ್ನ ಪುಕ್ಕಟೆ ಕೊಡಬೇಕು. ಆ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಕಾಯಿಲೆಯ ವಿಷಯಕ್ಕೆ, ಯಾರಿಗೆ ತೋರಿಸಬೇಕು ಅನ್ನೋದಕ್ಕೆ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ನೆಂಟರೂರಿನ ಆ ಕೋಣೆಯಂಥ ಕೋಣೆಗೂ ಕಾನೂನಿನಲ್ಲಿ ಜಾಗ ಇದೆ. ಮನೆಯಲ್ಲಿ ಮಾನಸಿಕ ರೋಗಿಗೆ ಹಿಂಸೆ ಆಗ್ತಿದೆ, ಸರಿಯಾಗಿ ನೋಡಿಕೊಳ್ತಿಲ್ಲ ಅಂತ ಗೊತ್ತಾದರೆ ಠಾಣೆಯ ಅಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು, ಅದು 101ನೇ ಸೆಕ್ಷನ್. ಹಾಗಂತ ಬೀಗ ಹಾಕಿದ ಮನೆಯವರೆಲ್ಲಾ ಥಿಯೋಫಿಲಸ್ ಪ್ಯಾಕರ್ಡ್‌ಗಳಲ್ಲ ಅನ್ನೋದನ್ನೂ ಹೇಳಬೇಕು. ನಮ್ಮ ಬೆಟ್ಟದಿಂದ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದ್ರೆ ದಿಂಬಂನ 27 ತಿರುವು ಇಳಿಯಬೇಕು. ಹತ್ತಿರದ ಚಾಮರಾಜನಗರ ಬೇರೆ ರಾಜ್ಯ. ಬೆಳಗಾದರೆ ಕೂಲಿಗೆ ಹೋಗೋ ತಾಯಿ, ಮಗಳು ಕಾಡಿನ ಕಡೆ ಓಡಿಹೋಗ್ತಾಳೆ, ಆನೆ ಇದೆ ಅನ್ನೋ ಭಯಕ್ಕೆ ಬಾಗಿಲು ಹಾಕಿ ಹೋಗಿರ್ತಾಳೆ. ಅವಳನ್ನ ಪೊಲೀಸಿಗೆ ಹಿಡಿದುಕೊಟ್ಟರೆ ಏನು ಬಂತು? ತಿಂಗಳಿಗೊಂದು ಸಲ ಆಸ್ಪತ್ರೆಗೆ ಜೊತೆಗೆ ಹೋಗಿಬರೋಕೆ ಬೀದಿಯ ಒಬ್ಬ ಹುಡುಗನೋ ಹುಡುಗಿಯೋ ಸಿಕ್ಕರೆ ಎಷ್ಟೋ ಬೀಗ ತೆಗೆಯಬಹುದು. ಇದನ್ನ ನಮ್ಮ ಸಂಘ ಮಾಡಬಹುದು ಅಂತ ನನ್ನ ಆಸೆ. ಕಮಿಟಿಯಲ್ಲಿ ಇಟ್ಟಿದ್ದೀನಿ, ಇನ್ನೂ ಮಾತು ಮುಗಿದಿಲ್ಲ.

ಎಲಿಜಬೆತಮ್ಮ 1897ರ ಜುಲೈ 25ರಂದು ಚಿಕಾಗೋದಲ್ಲಿ ತೀರಿಕೊಂಡರು. 80 ವರ್ಷ. ಇಲಿನಾಯ್ ರಾಜಧಾನಿಯ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಅವರನ್ನ ಕೂಡಿಹಾಕಿದ ಮೆಕ್‌ಫಾರ್ಲಂಡನ ಹೆಸರೇ ಬಹಳ ವರ್ಷ ಇತ್ತು. 2023ರಲ್ಲಿ ಆ ಬೋರ್ಡು ತೆಗೆದು ಎಲಿಜಬೆತ್ ಪ್ಯಾಕರ್ಡ್ ಹೆಸರು ಹಾಕಿದರು.

ಬರೆದು ಮುಗಿಸೋಕೆ ಮುಂಚೆ ಮನೆಯಲ್ಲಿ ನಡೆದಿದ್ದು ಒಂದು ಹೇಳ್ತೀನಿ. ಅದೇ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ, ನಾಳೆ ನನಗೆ ಇಂಥ ಕಾಯಿಲೆ ಬಂದರೆ ನನ್ನ ಪರವಾಗಿ ಮಾತಾಡೋಕೆ ಇಂಥವರು ಇರಲಿ ಅಂತ ಯಾರು ಬೇಕಾದರೂ ಬರೆದಿಡಬಹುದು. ಸ್ಟಾಂಪು ಬೇಡ, ಬಿಳಿ ಹಾಳೆ ಸಾಕು, ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಆಯ್ತು. ನಾನು ನೋಟ್‌ಬುಕ್ಕಿನ ಹಾಳೆ ಹರಿದು ನಮ್ಮಕ್ಕನ ಹೆಸರು ಬರೆದೆ. ಅಕ್ಕ ಓದಿ ನಕ್ಕಳು. ಪಕ್ಕದಲ್ಲಿ ರಾಗಿ ಕೇರ್ತಿದ್ದ ಅಜ್ಜಿ ಅದೇನು ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತನಗೂ ಒಂದು ಬರಿ ಅಂದರು, ಮಕ್ಕಳ ಹೆಸರು ಬೇಡ, ತನ್ನ ತಂಗಿಯ ಹೆಸರು ಹಾಕು ಅಂದರು. ಇಂಕ್ ಪ್ಯಾಡು ಇರಲಿಲ್ಲ, ಪೆನ್ನಿನ ರೀಫಿಲ್ ಮುರಿದು ಹೆಬ್ಬೆಟ್ಟಿಗೆ ಹಚ್ಚಿದೆ.